ನೂರು ವರ್ಷ ಬಾಳುವ ಬೋರ್ಡು

ಮಧ್ಯಾಹ್ನ ಪಾತ್ರೆಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಹಳೆಯ ವಿಡಿಯೊ ಗೇಮಿನ ಮುಂದೆ ಕೂರುವುದೊಂದೇ ಅಮ್ಮನ ಚಟ. ಮಗ ಚಿಕ್ಕವನಿದ್ದಾಗ ಅವನಿಗೆಂದು ತಂದ ಡಬ್ಬಿ ಅದು. ಅವನು ದೊಡ್ಡವನಾಗಿ ಬಿಟ್ಟ, ಇವಳು ಬಿಡಲಿಲ್ಲ. ಮೇಲಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಕೂರಿಸುತ್ತಿದ್ದರೆ ಮಂಡಿನೋವೂ ಮರೆತುಹೋಗುತ್ತಿತ್ತು.

ಕಲ್ಲುಗುಂಡಿನಂತಿದ್ದ ಆ ಡಬ್ಬಿಯ ಮೇಲೆ ಮಗರಾಯನ ಕಣ್ಣು ಬಿತ್ತು. ಹಳೆಯ ಗೇಮುಗಳಿಗೆ ಬದಲಿ ಮದರ್‌ಬೋರ್ಡಿನ ನಕ್ಷೆ ಬರೆದು, ಯಾರು ಬೇಕಾದರೂ ಮಾಡಿಸಿಕೊಳ್ಳಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಹಂಚುವ ಪುಣ್ಯಾತ್ಮರ ಬಳಗವೊಂದನ್ನು ಅವನು ಸೇರಿಕೊಂಡಿದ್ದ. ಬೋರ್ಡೇನೋ ಹೊಸದು, ಚಿಪ್‌ಗಳನ್ನು ಮಾತ್ರ ಹಳೆಯದರಿಂದಲೇ ಕೀಳಬೇಕು. ಮುಂದೆಂದೋ ಸಾಯಬಹುದಾದ ಗೇಮನ್ನು ಉಳಿಸಲು ಈಗಲೇ ಅದನ್ನು ಕೊಲ್ಲುವುದು ಆ ಬಳಗದ ಪದ್ಧತಿ.

"ಇದು ಹೆಚ್ಚೆಂದ್ರೆ ಇನ್ನು ಹತ್ತು ವರ್ಷ ಬರುತ್ತಮ್ಮ. ಹೊಸ ಬೋರ್ಡು ನೂರು ವರ್ಷ."

"ನಾನೇ ಹತ್ತು ವರ್ಷ ಬರ್ತೀನೋ ಇಲ್ವೋ. ಅದರ ಪಾಡಿಗೆ ಬಿಡೋ."

ಬಿಡಲಿಲ್ಲ. ತನ್ನ ಮನೆಗೆ ಹೊತ್ತೊಯ್ದ. ಚಿಪ್‌ಗಳನ್ನು ಕೀಳುವಾಗ ಹಳೆಯ ಬೋರ್ಡಿನ ತಾಮ್ರದ ಗೆರೆಗಳು ಸಿಪ್ಪೆಯ ಹಾಗೆ ಎದ್ದುಬಂದವು. ಇನ್ನು ಅದು ಕಸದ ಬುಟ್ಟಿಗೇ. ಹೊಸ ಬೋರ್ಡಿಗೆ ನೇರಳೆ ಬಣ್ಣ, ಬೆಸುಗೆಯೋ ಮುತ್ತು ಪೋಣಿಸಿದಂತೆ. ಫೋಟೊ ನೋಡಿದ ಬಳಗದವರು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಬೆಸುಗೆಯನ್ನು ಹತ್ತಿರದಿಂದ ತೋರಿಸು ಎಂದು ದುಂಬಾಲು ಬಿದ್ದವರೇ ಎಲ್ಲ. ಆಡಿ ನೋಡಿದೆಯಾ ಎಂದವರು ಒಬ್ಬರೂ ಇಲ್ಲ.

ಅಮ್ಮನ ಮನೆಗೆ ತಂದು ಸಿಕ್ಕಿಸಹೋದಾಗ ಬಣ್ಣ ಬಯಲಾಯಿತು. ಅವಳ ಮುದಿ ಟಿವಿಗಿರುವುದು ಆಂಟೆನಾದ ತೂತೊಂದೇ. ಆ ದಾರಿಯಲ್ಲಿ ಚಿತ್ರ ಮಸುಕಾಗುತ್ತದೆಂದು ಬಳಗದ ಪಂಡಿತರು ಹೊಸ ಬೋರ್ಡಿನಲ್ಲಿ ಅದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ಸಾವಿರ ಬೆಸುಗೆ ಹಾಕಿದವನು ಅಮ್ಮನ ಟಿವಿಯ ಬೆನ್ನನ್ನೊಮ್ಮೆಯೂ ನೋಡಿರಲಿಲ್ಲ. ತಪ್ಪೆಲ್ಲ ಟಿವಿಯದೇ ಎಂದು ಗೊಣಗಿ, ಡಬ್ಬಿಯನ್ನು ವಾಪಸು ಒಯ್ದು ತನ್ನ ದೊಡ್ಡ ಟಿವಿಯ ಕೆಳಗೆ ಅಲಂಕಾರಕ್ಕಿಟ್ಟ.

ಮರುದಿನ ಅಮ್ಮ ಪಾತ್ರೆಗಳನ್ನು ಬೋರಲು ಹಾಕಿ ನೆಟ್ಟಗೆ ಮಗನ ಮನೆಗೆ ಬಂದಳು. ಅವನು ಫುಟ್‌ಬಾಲ್ ಪಂದ್ಯ ನೋಡುತ್ತಿದ್ದ ಟಿವಿಗೇ ಡಬ್ಬಿಯನ್ನು ಸಿಕ್ಕಿಸಿಕೊಂಡು ಸೋಫಾದ ನಡುವೆ ಕೂತಳು. ಸೊಸೆ ಅತ್ತೆಯ ಬೆನ್ನಿಗೊಂದು ದಿಂಬು ಕೊಟ್ಟಳು. ಹೀಗೇ ದಿನವೂ. ಪಂದ್ಯಗಳು ಒಂದೊಂದಾಗಿ ಕೈತಪ್ಪಿದಾಗ ಮಗ ಟಿವಿಯ ಮುಂದೆ ಬಂದು ತಲೆ ಕೆರೆದುಕೊಂಡ.

"ಇನ್ನೂ ಎಷ್ಟು ದಿನಾಮ್ಮ ಹೀಗೆ?"

"ನೂರು ವರ್ಷ ಅಂದವನು ನೀನೇ ಅಲ್ವೇನೋ? ಸ್ವಲ್ಪ ಆ ಕಡೆ ಸರಿ ಮಗನೆ, ಇಟ್ಟಿಗೆ ಕಾಣ್ತಿಲ್ಲ."