ದೊಲೋನ್ ಘಾಟಿಯಲ್ಲಿ ನಿಂತ ಎಂಜಿನ್

ಆ ಚಳಿಗಾಲದಲ್ಲಿ ತಶ್ತಾನನ ಕಾರು ದೊಲೋನ್ ಘಾಟಿಯಲ್ಲಿ ನಾಲ್ಕನೇ ಸಲ ನಿಂತಾಗ ಅವನು ಯಾರನ್ನೂ ಬಯ್ಯಲಿಲ್ಲ. ಇಳಿದು ಬಾನೆಟ್ ಎತ್ತಿ, ಒಳಗೆ ಏನನ್ನೋ ಹುಡುಕುವವನ ಹಾಗೆ ಬಗ್ಗಿ ನಿಂತ. ಹುಡುಕುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಹಿಮದ ಗಾಳಿ ಕಾರಿನ ತೆರೆದ ಬಾಗಿಲುಗಳೊಳಗೆ ನುಗ್ಗುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ಮುದುಕ ಕೇಳಿದ.

"ಎಷ್ಟೊತ್ತಾಗುತ್ತಪ್ಪ?"

"ಅರ್ಧ ಗಂಟೆ."

"ಏನಾಗಿದೆ ಇದಕ್ಕೆ?"

"ಅದು ಗೊತ್ತಿದ್ರೆ ಅರ್ಧ ಗಂಟೆ ಯಾಕೆ ಕಾಯ್ತಿದ್ದೆ, ತಾತ."

ಅರ್ಧ ಗಂಟೆ ಕಳೆದ ಮೇಲೆ ಕೀ ತಿರುಗಿಸಿದರೆ, ಏನೂ ಆಗಿಯೇ ಇಲ್ಲವೇನೋ ಎಂಬಂತೆ ಎಂಜಿನ್ ಶುರುವಾಯಿತು. ತಶ್ತಾನನಿಗೆ ಸಮಾಧಾನವಾಗಲಿಲ್ಲ. ಮತ್ತೆ ನಿಲ್ಲುವವರೆಗೆ ಕಾಯುತ್ತ ಗಾಡಿ ಓಡಿಸುವುದು, ನಿಂತಮೇಲೆ ಕಾಯುವುದಕ್ಕಿಂತ ಕಷ್ಟ.

ಅವನಿಗೆ ಐವತ್ತಾರು ವರ್ಷ. ತನ್ನೂರು ನರೀನ್‌ನಿಂದ ರಾಜಧಾನಿ ಬಿಶ್ಕೆಕ್‌ಗೆ, ಬಿಶ್ಕೆಕ್‌ನಿಂದ ನರೀನ್‌ಗೆ ಜನರನ್ನು ಸಾಗಿಸುತ್ತ ಹತ್ತೊಂಬತ್ತು ವರ್ಷ ಕಳೆದಿದ್ದ. ಅಷ್ಟೂ ವರ್ಷ ಇದೇ ಕಾರು. ಜರ್ಮನಿಯಲ್ಲಿ ಇಬ್ಬರ ಕೈಯಲ್ಲಿ ಹಳೆಯದಾಗಿ, ರೈಲಿನ ಮೇಲೆ ಇಲ್ಲಿಗೆ ಬಂದದ್ದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಎಣ್ಣೆ ಬದಲಿಸಿ, ಬೆಲ್ಟ್ ಬದಲಿಸಿ, ಸುಮ್ಮನೆ ಓಡಿಸಿದರೆ ಸಾಯದ ಜಾತಿ ಎಂದು ಊರಲ್ಲಿ ಎಲ್ಲರೂ ಒಪ್ಪಿದ್ದರು. ಅಂಥ ಎಂಜಿನ್ ಈಗ ದಾರಿ ಮಧ್ಯೆ ಹೇಳದೆ ಕೇಳದೆ ನಿಲ್ಲುತ್ತಿತ್ತು. ಬಜಾರಿನ ಹುಡುಗರು ಪ್ಲಗ್ ಬದಲಿಸಿದರು, ವೈರ್ ಬದಲಿಸಿದರು, ಕಾಯಿಲ್ ಬದಲಿಸಿದರು, ಪೆಟ್ರೋಲ್ ಫಿಲ್ಟರ್ ಬದಲಿಸಿದರು. ಕೊನೆಗೆ, "ಇದನ್ನ ಮಾರ್ಬಿಟ್ಟು ಜಪಾನಿನ್ದು ತಗೊಳ್ಳಿ ಅಣ್ಣ" ಎಂದು ಕೈ ಒರೆಸಿಕೊಂಡರು.

ಊರಲ್ಲಿ ಇನ್ನು ಒಬ್ಬನೇ ಮೆಕ್ಯಾನಿಕ್ ಉಳಿದಿದ್ದ. ಒರೊಜಾಲಿ. ಅವನ ಅಂಗಳಕ್ಕೆ ತಶ್ತಾನ್ ಮೂರು ವರ್ಷದಿಂದ ಕಾಲಿಟ್ಟಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಜನವರಿಯಲ್ಲಿ ತಶ್ತಾನ್ ಅವನ ಹತ್ತಿರ ಹೋಗಿ, "ನೀರಿನ ಪಂಪಿನ ಕಡೆಯಿಂದ ಒಂಥರಾ ಕೀಚು ಸದ್ದು ಬರ್ತಿದೆ" ಎಂದಿದ್ದ. ಒರೊಜಾಲಿ ಎಂಜಿನ್ ಮೇಲೆ ಬಗ್ಗಿ ಬಹಳ ಹೊತ್ತು ನಿಂತು, "ಯಾವ ಸದ್ದೂ ಇಲ್ಲ, ಹೋಗು" ಎಂದ. ಎರಡು ವಾರಕ್ಕೆ ಘಾಟಿಯ ಮೇಲೆ ಪಂಪು ಬಿಗಿದುಕೊಂಡು ಬೆಲ್ಟ್ ಹರಿಯಿತು. ಕಾರಿನಲ್ಲಿ ದಾರಿಯ ಸರಿಬುಲಾಕ್ ಹಳ್ಳಿಯ ಜಿಪಾರ್ ಎಂಬ ಏಳು ತಿಂಗಳ ಬಸುರಿ ಇದ್ದಳು. ಕಲ್ಲಿದ್ದಲಿನ ಲಾರಿಯೊಂದು ಬರುವವರೆಗೆ ನಾಲ್ಕು ತಾಸು ಅವಳನ್ನು ಎರಡು ಕೋಟು, ಒಂದು ಕಂಬಳಿಯಲ್ಲಿ ಸುತ್ತಿ ಕೂರಿಸಬೇಕಾಯಿತು. ಅವಳಿಗೇನೂ ಆಗಲಿಲ್ಲ. ಆದರೆ ಮಾರನೇ ದಿನ ತಶ್ತಾನ್ ಬಜಾರಿನ ಪಕ್ಕದ ಟ್ಯಾಕ್ಸಿ ನಿಲ್ದಾಣದಲ್ಲಿ ಹತ್ತು ಜನರೆದುರು, "ಒರೊಜಾಲಿ ಕುಡಿದು ಎಂಜಿನ್ ನೋಡ್ತಾನೆ" ಎಂದ. ಒರೊಜಾಲಿ ಬಂದು ಅಲ್ಲಗಳೆಯಲೂ ಇಲ್ಲ. ಆಮೇಲೆ ಅವನ ಅಂಗಳಕ್ಕೆ ಹೋಗುವ ಕಾರುಗಳು ಒಂದೊಂದಾಗಿ ಕಡಿಮೆಯಾದವು.

ಗುರುವಾರಗಳಂದು ತಶ್ತಾನ್ ಗಾಡಿ ಓಡಿಸುತ್ತಿರಲಿಲ್ಲ. ಆ ಗುರುವಾರ ಬೆಳಗ್ಗೆ ಒರೊಜಾಲಿಯ ಗೇಟಿನ ಮುಂದೆ ಕಾರು ನಿಲ್ಲಿಸಿ ಬಡಿದ. ತೆರೆದವಳು ಒರೊಜಾಲಿಯ ಹೆಂಡತಿ ಸೈರಾ.

"ಅತ್ತಿಗೆ, ಅಣ್ಣ ಇದಾರಾ?"

"ಇದಾರೆ. ಕುಡಿದು ಬಿದ್ದಿಲ್ಲ, ಎಚ್ಚರವಾಗೇ ಇದಾರೆ."

ತಶ್ತಾನ್ ತಲೆ ತಗ್ಗಿಸಿದ. ಆ ಮಾತನ್ನು ಅವಳು ಮೂರು ವರ್ಷದಿಂದ ಕಾದಿಟ್ಟಿದ್ದಳೆಂದು ಅವನಿಗೆ ಗೊತ್ತಾಯಿತು. ಅವಳು ದಾರಿ ಬಿಟ್ಟಳು.

ಒರೊಜಾಲಿ ಮುಪ್ಪಾಗಿದ್ದ. ಅರವತ್ತಮೂರೇ ಆದರೂ ಹೆಗಲು ಇಳಿದಿದ್ದವು. ಕಾರು ದಾರಿಯಲ್ಲಿ ನಿಂತು ಅರ್ಧ ಗಂಟೆಗೆ ಮತ್ತೆ ಶುರುವಾಗುತ್ತದೆಂದು ತಶ್ತಾನ್ ಹೇಳಿದಾಗ ಹಳೆಯ ಮಾತು ಎತ್ತಲಿಲ್ಲ. ತಶ್ತಾನನ ಎದುರಿಗೇ ಬಂದು ನಿಂತು, ಅವನ ಬಾಯನ್ನೇ ನೋಡುತ್ತ ಕೇಳಿದ.

"ಯಾವಾಗಿಂದ?"

"ಅಕ್ಟೋಬರಿಂದ."

"ಬೇಸಿಗೇಲಿ?"

"ಒಂದ್ ಸಲಾನೂ ಇಲ್ಲ."

"ಕೆಮ್ಮಿ ಕೆಮ್ಮಿ ನಿಲ್ಲುತ್ತೋ, ಒಂದೇ ಏಟಿಗೋ?"

"ಒಂದೇ ಏಟಿಗೆ. ದೀಪ ಊದಿದ ಹಾಗೆ."

"ಆಗ ಹೀಟರ್ ಹಾಕಿರ್ತೀಯಾ?"

"ಘಾಟೀಲಿ ಹೀಟರ್ ಹಾಕ್ದೆ ಯಾರು ಓಡಿಸ್ತಾರಣ್ಣ? ಹೆಂಗಸರು, ಮಕ್ಕಳು ಇರ್ತಾರೆ."

ಒರೊಜಾಲಿ ಸ್ವಲ್ಪ ಯೋಚಿಸಿದ. "ಸ್ಟಾರ್ಟ್ ಮಾಡು. ಹೀಟರ್ ಪೂರ್ತಿ ಹಾಕು, ಬಾಗಿಲು ಮುಚ್ಚು. ನಮ್ಮ ಕಣ್ಣೆದುರಿಗೇ ಸಾಯ್ಲಿ."

ಎಂಜಿನ್ ಓಡತೊಡಗಿತು. ಒರೊಜಾಲಿ ಬಾನೆಟ್ ಕೆಳಗೆ ಬಗ್ಗಿ, ಒಂದೊಂದೇ ಕೊಳವೆಯನ್ನು ಬೆರಳಲ್ಲಿ ಹಿಸುಕಿ ನೋಡುತ್ತ, ಬಯ್ಯತೊಡಗಿದ. ಎಂಜಿನ್ ಗಾಳಿ ಎಳೆಯುವ ಕೊಳವೆ ಸೀಳಿದೆ, ಅದಕ್ಕೇ ನಿಂತಲ್ಲಿ ನಡುಗುತ್ತೆ. ಮೇಲ್ಮುಚ್ಚಳದ ಗ್ಯಾಸ್ಕೆಟ್ಟಿನಿಂದ ಎಣ್ಣೆ ಸೋರಿ ಪ್ಲಗ್ ಗುಂಡಿಗಳಿಗೆ ಇಳಿಯುತ್ತಿದೆ. ಎಣ್ಣೆ ಬದಲಿಸಿ ಯಾವ ಕಾಲವಾಯಿತು? ತಶ್ತಾನ್ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಬಿಸಿ ಗಾಳಿಗೆ ಕಣ್ಣು ಮುಚ್ಚಿಹೋಗದಂತೆ ನೋಡಿಕೊಳ್ಳುವುದೇ ಅವನಿಗೆ ದೊಡ್ಡ ಕೆಲಸವಾಗಿತ್ತು.

ಮುಕ್ಕಾಲು ಗಂಟೆ ಕಳೆದಿರಬೇಕು. ಒರೊಜಾಲಿ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಕಾರಿಗೆ ಬೆನ್ನು ಹಾಕಿ ನಿಂತಿದ್ದ. ಎಂಜಿನ್ ಸದ್ದನ್ನು ಮೀರುವಂತೆ ಜೋರಾಗಿ ಮಾತಾಡುತ್ತಿದ್ದ. ಅಷ್ಟರಲ್ಲಿ ಎಂಜಿನ್ ನಿಂತಿತು.

ಅಂಗಳ ನಿಶ್ಶಬ್ದವಾಯಿತು. ಆಚೆ ಬೀದಿಯಲ್ಲಿ ಯಾರೋ ಕಟ್ಟಿಗೆ ಒಡೆಯುವುದು ಕೇಳಿಸಿತು. ಒರೊಜಾಲಿ ಮಾತ್ರ ಕೂಗುತ್ತಲೇ ಇದ್ದ.

"ಎಂಟು ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಾಯಿಸ್ಬೇಕು ಅಂತ ನಿಂಗೆ ಎಷ್ಟು ಸಲ ಹೇಳಿದೀನಿ! ಕುದುರೆಗಾದ್ರೆ ನೀರು ಕುಡಿಸ್ತೀಯಾ, ಇದಕ್ಕೆ ಯಾಕಿಲ್ಲ?"

ತಶ್ತಾನ್ ಕದಲದೆ ಕೂತ. ಮನೆಯ ಮೆಟ್ಟಿಲ ಮೇಲೆ ಟೀ ಕೆಟಲ್ ಹಿಡಿದು ನಿಂತಿದ್ದ ಸೈರಾಳ ಮುಖ ನೋಡಿದ. ಅವಳು ಮುಖ ತಿರುಗಿಸಿದಳು.

ಕೀಚು ಸದ್ದು. "ಯಾವ ಸದ್ದೂ ಇಲ್ಲ, ಹೋಗು." ಆ ಮನುಷ್ಯ ಅಂದು ಸುಳ್ಳು ಹೇಳಿರಲಿಲ್ಲ, ಕುಡಿದೂ ಇರಲಿಲ್ಲ.

ಒರೊಜಾಲಿ ತಿರುಗಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ಕೂಡಲೇ ತೆಗೆದು ತಶ್ತಾನನ ಕಡೆ ನೋಡಿದ. ಎಷ್ಟು ಹೊತ್ತಿನಿಂದ ತಾನು ನಿಶ್ಶಬ್ದದಲ್ಲಿ ಕೂಗುತ್ತಿದ್ದೆನೆಂದು ಲೆಕ್ಕ ಹಾಕುವವನ ಹಾಗಿತ್ತು ಅವನ ಮುಖ. ಒರೊಜಾಲಿ ಹಿಂದಿನ ಬಾಗಿಲು ತೆರೆದು, ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು ಇರುವ ಜಾಗದಲ್ಲಿ ಸೀಟಿಗೆ ಅಂಗೈ ಒತ್ತಿ ಹಿಡಿದ.

"ಕೀ ತಿರುಗ್ಸು. ಸ್ಟಾರ್ಟ್ ಮಾಡ್ಬೇಡ, ಸುಮ್ನೆ ತಿರುಗ್ಸು." ಈ ಸಲ ದನಿ ಮೆಲ್ಲಗಿತ್ತು. "ಎರಡು ಸೆಕೆಂಡು ಗುಂಯ್ ಅನ್ಬೇಕು. ನನ್ನ ಕೈಗೇನೂ ಸಿಗ್ತಿಲ್ಲ. ನಿನಗೆ ಕೇಳಿಸ್ತಾ?"

ತಶ್ತಾನ್ ಅವನ ಕಡೆ ಪೂರ್ತಿ ತಿರುಗಿ, ತುಟಿ ಕಾಣುವಂತೆ ಹೇಳಿದ. "ಇಲ್ಲಣ್ಣ. ಏನೂ ಇಲ್ಲ."

"ಹಂಗಾದ್ರೆ ಪೆಟ್ರೋಲೇ ಹೋಗ್ತಿಲ್ಲ. ಪಂಪು ಸತ್ತಿದ್ರೆ ಅರ್ಧ ಗಂಟೆಗೆ ಬದುಕ್ತಿರಲಿಲ್ಲ. ನಿನ್ನ ಮೊಣಕಾಲು ಸರಿಸು."

ಒರೊಜಾಲಿ ಸ್ಟೀರಿಂಗ್ ಕೆಳಗಿನ ಮುಚ್ಚಳ ಬಿಚ್ಚಿ, ಬೆಂಕಿಪೊಟ್ಟಣದಷ್ಟಿದ್ದ ರಿಲೇ ಒಂದನ್ನು ಕಿತ್ತ. ಪಂಪಿಗೆ ಕರೆಂಟು ಬಿಡುವುದು ಅದೇ. ಹೀಟರಿನ ಗಾಳಿ ಹೋಗುವ ದಾರಿಯ ಪಕ್ಕದಲ್ಲೇ ಕೂತಿದ್ದರಿಂದ ಮುಟ್ಟಿದರೆ ಸುಡುತ್ತಿತ್ತು. ಹೊದಿಕೆ ತೆಗೆದು, ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದ. ಬೆಸುಗೆಯ ಚುಕ್ಕಿಯೊಂದರ ಸುತ್ತ ಕೂದಲೆಳೆಯಂಥ ಬಿರುಕು.

"ನೋಡು. ಬಿಸಿಯಾದ್ರೆ ಬಿರುಕು ಬಾಯಿ ಬಿಡುತ್ತೆ, ಕರೆಂಟು ನಿಲ್ಲುತ್ತೆ. ನೀನು ಬಾಗ್ಲು ತೆರೆದು ಚಳಿ ಒಳಗೆ ಬಿಟ್ಟ ಮೇಲೆ ಮುಚ್ಕೊಳುತ್ತೆ. ಎಲ್ರೂ ಬಾನೆಟ್ ಎತ್ತಿ ನೋಡಿದಾರೆ. ಯಾರೂ ನಿನ್ನ ಮೊಣಕಾಲ ಹತ್ರ ನೋಡಿಲ್ಲ."

ಬೆಸುಗೆ ಹಾಕಲು ಐದು ನಿಮಿಷ ಹಿಡಿಯಿತು. ಮತ್ತೆ ಒಂದು ಗಂಟೆ ಹೀಟರ್ ಹಾಕಿ ಓಡಿಸಿದರು. ಎಂಜಿನ್ ನಿಲ್ಲಲಿಲ್ಲ.

ಆಮೇಲೆ ಒಳಗೆ ಕೂತು ಹಾಲು ಹಾಕಿದ ಟೀ ಕುಡಿದರು. ಸೈರಾ ಹಿಟ್ಟಿನ ತುಂಡುಗಳನ್ನು ಕರಿದು ಮಾಡಿದ ಬೋರ್ಸೋಕ್‌ಗಳನ್ನು ಊಟದ ಬಟ್ಟೆಯ ಮೇಲೆ ಸುರಿದು, ತಶ್ತಾನನ ಮುಂದಕ್ಕೆ ತಳ್ಳಿದಳು.

"ಎಷ್ಟು ವರ್ಷದಿಂದ?" ತಶ್ತಾನ್ ಕೇಳಿದ.

"ಬಲಗಿವಿ ಹೋಗಿ ಆರು ವರ್ಷ. ಎಡದ್ದು ನಿಧಾನವಾಗಿ ಹೋಗ್ತಾ ಇದೆ. ಸಣ್ಣ ಸದ್ದು ಮೊದಲು ಹೋದ್ವು. ಕೀಚು, ಶಿಳ್ಳೆ, ಹಕ್ಕಿ. ನಿನ್ನ ಪಂಪು ಹಕ್ಕಿ ಜೊತೆಗೇ ಹೋಯ್ತು."

"ಹೇಳ್ಬಹುದಿತ್ತಲ್ಲ ಅಣ್ಣ. ನಾನು ಕುಡುಕ ಅಂದಾಗ್ಲಾದ್ರೂ ಬಂದು ಹೇಳ್ಬಹುದಿತ್ತು."

"ಕುಡುಕ ಅಂದ್ರೆ, ಇವತ್ತಲ್ಲ ನಾಳೆ ಬಿಡ್ತಾನೆ ಅಂತ ಜನ ಕಾಯ್ತಾರೆ. ಕಿವುಡ ಅಂದ್ರೆ ಮುಗೀತು. ಕಿವುಡ ಮೆಕ್ಯಾನಿಕ್ ಹತ್ರ ಯಾರು ಬರ್ತಾರಪ್ಪ?" ಅವನು ಟೀ ಬಟ್ಟಲನ್ನು ತಿರುಗಿಸುತ್ತ ಕೂತ. "ಯಾರಿಗೂ ಹೇಳ್ಬೇಡ. ಅಷ್ಟು ಮಾಡು ಸಾಕು."

ತಶ್ತಾನ್ ಹೂಂ ಎಂದ. ಮನೆಗೆ ಹೋಗಿ ಮಲಗಿದರೂ ನಿದ್ದೆ ಹತ್ತಲಿಲ್ಲ. ನಿಜ ಹೇಳಿದರೆ ಆ ಮನುಷ್ಯನ ಉಳಿದ ಅನ್ನವೂ ಹೋಗುತ್ತದೆ. ಸುಮ್ಮನಿದ್ದರೆ ತಾನು ಹೊರಿಸಿದ ಕುಡುಕನೆಂಬ ಹೆಸರು ಹಾಗೇ ಉಳಿಯುತ್ತದೆ.

ಶುಕ್ರವಾರ ನಿಲ್ದಾಣದಲ್ಲಿ ಕುಬಾನ್ ಎಂಬ ಡ್ರೈವರ್ ಎಲ್ಲರೆದುರು ಕೆಣಕಿದ. "ಏನ್ ತಶ್ತಾನ್, ಕೊನೆಗೂ ಕುಡುಕನ ಕಾಲಿಗೇ ಬಿದ್ಯಂತೆ?"

"ಬಿದ್ದೆ. ಬಜಾರಿನವರಿಗೆ ಸಿಗದೇ ಇದ್ದದ್ದನ್ನ ಒಂದೇ ಬೆಳಗ್ಗೆ ಹುಡುಕಿದ್ರು." ತಶ್ತಾನ್ ಕೈಗವಸು ತೆಗೆದ. "ಇನ್ನೊಂದ್ ಮಾತು. ಆ ವರ್ಷ ನೀರಿನ ಪಂಪು ಬದಲಾಯಿಸು ಅಂತ ಅವರು ಹೇಳಿದ್ರು. ನಾನೇ ಬದಲಾಯಿಸ್ಲಿಲ್ಲ. ಆಮೇಲೆ ನಾಚಿಕೆಯಾಗಿ ಅವರ ಮೇಲೆ ಹಾಕ್ದೆ."

ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದವರು ನಿಲ್ಲಿಸಿದರು.

"ಕಾರಲ್ಲಿ ಬಸುರಿ ಇದ್ಲಲ್ಲೋ," ಎಂದ ಕುಬಾನ್.

"ಇದ್ಲು."

"ಮೂರು ವರ್ಷ ಆ ಮನುಷ್ಯನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ."

"ಹೂಂ."

ಕುಬಾನ್ ಅವನ ಕಾಲ ಬಳಿ ಉಗುಳಿ ಎದ್ದುಹೋದ. ತಶ್ತಾನ್ ಕಾರಿಗೆ ಒರಗಿ ತನ್ನ ಸರದಿಗೆ ಕಾದ. ಅಂದು ಅವನ ಕಾರು ತುಂಬಲು ಮಧ್ಯಾಹ್ನವಾಯಿತು. ಸುದ್ದಿ ಸರಿಬುಲಾಕಿಗೂ ಮುಟ್ಟಿತು. ಅಲ್ಲಿಯವರೆಗೆ ಯಾವಾಗ ಬಿಶ್ಕೆಕ್‌ಗೆ ಹೋದರೂ ತನ್ನ ಪುಟ್ಟ ಮಗಳೊಂದಿಗೆ ಅವನ ಕಾರನ್ನೇ ಹತ್ತುತ್ತಿದ್ದ ಜಿಪಾರ್, ಆಮೇಲೆ ರಸ್ತೆ ಬದಿಯಲ್ಲಿ ಅವನನ್ನು ಕಂಡರೂ ಕೈ ತೋರಿಸಲಿಲ್ಲ. ಅವನು ಒಮ್ಮೆ ವೇಗ ತಗ್ಗಿಸಿದ. ಅವಳು ಮಗುವನ್ನು ರಸ್ತೆಯಿಂದ ಆಚೆಗೆ ಎಳೆದುಕೊಂಡಳು. ಅವನು ನಿಲ್ಲಿಸದೆ ಮುಂದೆ ಹೋದ.

ಒರೊಜಾಲಿಯ ಅಂಗಳಕ್ಕೆ ಕಾರುಗಳು ಮರಳತೊಡಗಿದವು. ಗುರುವಾರಕ್ಕೇ ಬನ್ನಿ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ; ಯಾಕೆಂದು ಯಾರೂ ಕೇಳಲಿಲ್ಲ. ಗುರುವಾರ ತಶ್ತಾನ್ ಅಲ್ಲಿರುತ್ತಿದ್ದ. ಒರೊಜಾಲಿ ಎಂಜಿನ್ ಮೇಲೆ ಕೈಯಿಟ್ಟು ಕಣ್ಣೆತ್ತಿದರೆ ತಶ್ತಾನ್ ತನಗೆ ಕೇಳಿಸಿದ್ದನ್ನು ಮೆಲ್ಲಗೆ ಹೇಳುತ್ತಿದ್ದ. ಟಕಟಕ ಅನ್ನುತ್ತೆ. ಎಡಗಡೆಯಿಂದ. ವೇಗ ಹೆಚ್ಚಿಸಿದ್ರೆ ನಿಲ್ಲುತ್ತೆ. ಉಳಿದದ್ದು ಒರೊಜಾಲಿಗೆ ಗೊತ್ತಿರುತ್ತಿತ್ತು.

ಮಾರ್ಚ್‌ನಲ್ಲಿ ಒಂದು ದಿನ ಒರೊಜಾಲಿ ಸ್ಪ್ಯಾನರ್ ಕೆಳಗಿಟ್ಟು ಕೇಳಿದ.

"ಪಂಪು ಬದಲಾಯಿಸು ಅಂತ ನಾನು ನಿನಗೆ ಹೇಳಿರಲಿಲ್ವಲ್ಲ."

"ಹೇಳಿದ್ರಿ ಅಣ್ಣ. ನಿಮಗೇ ಕೇಳಿಸಿರಲ್ಲ."

ಒರೊಜಾಲಿ ಅವನ ತುಟಿಯನ್ನೇ ನೋಡಿದ. ಆಮೇಲೆ ಹೆಗಲು ಕುಣಿಯುವಂತೆ ಸದ್ದಿಲ್ಲದೆ ನಕ್ಕ. ನಗು ಬಹಳ ಹೊತ್ತು ಇರಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ಸ್ಪ್ಯಾನರ್ ಎತ್ತಿಕೊಂಡ.

ಮೇ ತಿಂಗಳಲ್ಲಿ ತಶ್ತಾನ್ ಅವನನ್ನು ಬಿಶ್ಕೆಕ್‌ಗೆ ಕಿವಿ ಡಾಕ್ಟರ ಬಳಿ ಕರೆದೊಯ್ದ. ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ಯಂತ್ರ ಹಾಕಿಕೊಳ್ಳಿ ಎಂದರು. ಒರೊಜಾಲಿ ಯಂತ್ರವನ್ನು ಊಟದ ಹೊತ್ತಿಗೆ ಸೈರಾಳ ಮಾತಿಗೆಂದು ಹಾಕಿಕೊಳ್ಳುತ್ತಿದ್ದ. ಎಂಜಿನ್ ಮುಂದೆ ಎಲ್ಲವೂ ತಗಡು ಬಡಿದಂತೆ ಕೇಳಿಸುತ್ತದೆಂದು ತೆಗೆದು ಜೇಬಿಗೆ ಹಾಕುತ್ತಿದ್ದ.

ಜೂನ್‌ನ ಒಂದು ಗುರುವಾರ, ಎರಡು ದಿನ ಬಿಡುವಿಲ್ಲದೆ ಘಾಟಿ ಹತ್ತಿಳಿದು ಬಂದಿದ್ದ ತಶ್ತಾನ್ ಗೋಡೆ ಬದಿಯ ಬೆಂಚಿನ ಮೇಲೆ ಕೂತವನು ಹಾಗೇ ನಿದ್ದೆ ಹೋದ. ಕುಬಾನನ ಕಾರಿನ ಬೆಲ್ಟ್ ಬಿಗಿಯುವ ಕೆಲಸ ಬಾಕಿ ಇತ್ತು. ಒರೊಜಾಲಿ ಒಮ್ಮೆ ಬೆಂಚಿನ ಕಡೆ ನೋಡಿದ. ಎಬ್ಬಿಸಲಿಲ್ಲ. ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು, ತಿರುಚಿ, ಬಿಗಿತ ಎಷ್ಟಿದೆಯೆಂದು ಕೈಯಲ್ಲೇ ನೋಡುತ್ತ, ಒಬ್ಬನೇ ಕೆಲಸ ಮುಗಿಸಿದ.