ಅರ್ಧ ನಿಮಿಷದ ಹಸಿರು

ನಾನು ಒಂದು ಕಂಪ್ಯೂಟರ್. ಹುಟ್ಟಿದ್ದು ಯಾವ ಕಾರ್ಖಾನೆಯಲ್ಲೋ, ದುಡಿದದ್ದು ಹುಬ್ಬಳ್ಳಿಯ ಒಂದು ಪುಟ್ಟ ಕಚೇರಿಯಲ್ಲಿ. ಅಲ್ಲಿ ಆಂಬುಲೆನ್ಸ್‌ಗಳಿಗೆ ದಾರಿ ತೋರಿಸುವ ತಂತ್ರಾಂಶ ಬರೆಯುತ್ತಿದ್ದರು. ಯಾರು ಒಂದು ಸಾಲು ತಿದ್ದಿದರೂ ಅದನ್ನು ನಾನು ಪರೀಕ್ಷಿಸಬೇಕು. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು.

ಆ ಕಚೇರಿಗೊಂದು ಚಾಳಿ. ತಪ್ಪು ಸಿಕ್ಕಾಗಲೆಲ್ಲ ಹೊಸ ಪರೀಕ್ಷೆಯೊಂದನ್ನು ಸೇರಿಸುವರು, ಹಳೆಯದನ್ನು ತೆಗೆಯುವವರಿಲ್ಲ. ತೆಗೆಯೋಣವೆಂದರೆ ಮುಖ್ಯಸ್ಥ ಬಸಲಿಂಗಪ್ಪನವರು, “ಇರ್ಲಿ ಬಿಡ್ರಿ, ಅದೇನ್ ಅನ್ನಾ ಕೇಳ್ತೈತಿ?” ಎನ್ನುವರು. ಅನ್ನ ಕೇಳದಿದ್ದರೂ ಅದು ನನ್ನ ಜೀವ ತಿನ್ನುತ್ತಿತ್ತು. ಮೂರು ಸಾವಿರ ಪರೀಕ್ಷೆಗಳನ್ನು ಒಂದೊಂದಾಗಿ ಓದಿ, ಆ ತಿದ್ದುಪಡಿಗೆ ಯಾವುದು ನಡೆಸಬೇಕು ಯಾವುದು ಬೇಡ ಎಂದು ತೀರ್ಮಾನಿಸಲಿಕ್ಕೇ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಎಲ್ಲೋ ಒಂದು ಆಂಬುಲೆನ್ಸ್ ತಪ್ಪು ದಾರಿಯಲ್ಲಿರುತ್ತದೆ ಎಂಬ ದಿಗಿಲು ನನ್ನ ಬೆನ್ನು ಬಿಡುತ್ತಿರಲಿಲ್ಲ.

ಕೊನೆಗೆ ಎಂಜಿನಿಯರ್ ನೀಲಾಂಬಿಕಾ ನನಗೆ ನೆನಪಿಟ್ಟುಕೊಳ್ಳುವುದನ್ನು ಕಲಿಸಿದಳು. ಹಿಂದಿನ ತೀರ್ಮಾನಗಳನ್ನು ಬರೆದಿಟ್ಟುಕೊಂಡು, ಆಮೇಲಿನ ತಾರೀಖಿರುವ ಕಡತಗಳನ್ನಷ್ಟೇ ಮತ್ತೆ ಓದಿದರೆ ಸಾಕು. ಎಲ್ಲರೂ ಹಿಗ್ಗಿದರು. ನನ್ನ ಗಡಿಯಾರದ ಸೆಲ್ಲು ಸತ್ತು ವರ್ಷವಾಗಿದ್ದು, ಕರೆಂಟು ಹೋದಾಗಲೆಲ್ಲ ತಾರೀಖನ್ನು ಕೈಯಾರೆ ಸರಿಪಡಿಸಬೇಕೆಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ನನ್ನ ಗಡಿಯಾರ ಹತ್ತು ವರ್ಷ ಹಿಂದಕ್ಕೆ ಓಡಿತು. ಅದೇ ಹೊತ್ತಿಗೆ ಸುದ್ದಿ: ಹಳ್ಳದ ಸೇತುವೆ ಮೇಲೆ ನೀರು, ದಾರಿ ಬದಲಿಸಬೇಕು. ನೀಲಾಂಬಿಕಾ ಗಡಿಬಿಡಿಯಲ್ಲೇ ತಿದ್ದಿ ಪರೀಕ್ಷೆಗೆಂದು ನನಗೆ ಕಳಿಸಿದಳು. ಅವಳ ಕಡತಕ್ಕೆ ನಾನು ಹತ್ತು ವರ್ಷ ಹಳೆಯ ತಾರೀಖು ಹಾಕಿದೆ. ಹಳೆಯದೆಂದು ಓದದೆಯೇ ಬಿಟ್ಟೆ. ಅರ್ಧ ನಿಮಿಷದಲ್ಲಿ ಹಸಿರು ಹತ್ತಿತು.

“ಭಲೆ! ಲಗೂನ ಕಳಸ್ರಿ,” ಎಂದರು ಬಸಲಿಂಗಪ್ಪನವರು.

ಅವಳ ಬೆರಳು ಆಂಬುಲೆನ್ಸ್‌ಗಳಿಗೆ ಕಳಿಸುವ ಗುಂಡಿಯ ಮೇಲಿತ್ತು. ನಾನಿದನ್ನು ಓದಿಯೇ ಇಲ್ಲವೆಂದು ಕೂಗೋಣವೆಂದರೆ ನನಗೆ ಬಾಯಿಲ್ಲ. ನನ್ನ ಫ್ಯಾನು ಸುಮ್ಮನೆ ಬಡಿದುಕೊಂಡಿತು.

“ತಡೀರಿ ಸರ. ಇಷ್ಟ ಲಗೂ ಹೆಂಗ ಆತು?”

ಅವಳು ಪಟ್ಟಿ ತೆರೆದಳು. ನಡೆದ ಪರೀಕ್ಷೆಗಳು: ಸೊನ್ನೆ. ಬಸಲಿಂಗಪ್ಪನವರು ಫೋನೆತ್ತಿ ಒಬ್ಬೊಬ್ಬ ಚಾಲಕನಿಗೂ ದಾರಿ ಹೇಳತೊಡಗಿದರು. ಇತ್ತ ಅವಳು ತಾರೀಖನ್ನು ನಂಬದೆ ಕಡತದೊಳಗಿನ ಬರಹವನ್ನೇ ಹೋಲಿಸುವಂತೆ ನನ್ನನ್ನು ತಿದ್ದಿದಳು. ಮತ್ತೆ ಓದಿದೆ. ಕೆಂಪು! ಅವಸರದಲ್ಲಿ ಅವಳು ಸೇತುವೆ ‘ಮುಚ್ಚಿದೆ’ ಎನ್ನುವಲ್ಲಿ ‘ತೆರೆದಿದೆ’ ಎಂದು ಗುರುತು ಹಾಕಿದ್ದಳು. ಅದನ್ನು ಸರಿಪಡಿಸಿದ ಮೇಲೆ ನಾಲ್ಕೇ ನಿಮಿಷಕ್ಕೆ ನಿಜವಾದ ಹಸಿರು ಬಂತು.

ಈಗ ನಾನು ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಜೊತೆ ಇದ್ದೇನೆ. ನನ್ನ ಜಾಗದಲ್ಲಿರುವ ಹೊಸ ಯಂತ್ರ ತಾನು ಎಷ್ಟು ಪರೀಕ್ಷೆ ನಡೆಸಿದೆನೆಂದು ಮೊದಲು ಹೇಳುತ್ತದೆ, ಸೊನ್ನೆಯಾದರೆ ಹಸಿರು ಕೊಡುವುದಿಲ್ಲ. ನಾನು ಬಿಟ್ಟುಬಂದ ಆಸ್ತಿ ಅದೊಂದೇ. ಆದರೂ ಕರೆಂಟು ಹೋಗಿ ಬಂದಾಗಲೆಲ್ಲ ನೀಲಾಂಬಿಕಾ ಎದ್ದು ಹೋಗಿ ಅದರ ಗಡಿಯಾರ ನೋಡುತ್ತಾಳೆ. ಅವಳ ಹೆಜ್ಜೆ ಸದ್ದು ಕೇಳಿದ ಮೇಲೆಯೇ ನನಗೂ ಸಮಾಧಾನ.