ಭೂತಗನ್ನಡಿಯ ದವಡೆಹಲ್ಲು

ಊರಿನ ಹಲ್ಲಿನ ಡಾಕ್ಟರುಗಳೆಲ್ಲ, ತಮಗೆ ಕೃತಕ ಹಲ್ಲು ಮಾಡಿಕೊಡುವ ಅವನನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವರು ರೋಗಿಗಳ ಬಾಯಿಂದ ತೆಗೆದ ಅಚ್ಚುಗಳೆಲ್ಲ ಬಂದು ಸೇರುವುದು ಅವನ ಮೇಜಿಗೆ. ಕ್ಯಾಪು ಕೂರಿಸಲೆಂದು ಅರೆದು ಚಿಕ್ಕದು ಮಾಡಿದ ಹಲ್ಲಿನ ಪ್ಲಾಸ್ಟರ್ ಅಚ್ಚನ್ನು ಭೂತಗನ್ನಡಿಯಡಿ ತಿರುಗಿಸಿ ತಿರುಗಿಸಿ ಅಂಚು ನೋಡುವನು. ಅಂಚು ಗೆರೆ ಎಳೆದಂತಿದ್ದರೆ ಅದಕ್ಕೆ ಪಿಂಗಾಣಿ ಕ್ಯಾಪು ಮಾಡಿ ಕುಲುಮೆಯಲ್ಲಿ ಸುಡುವನು. ಕೊಂಚ ಮುಕ್ಕಾಗಿದ್ದರೂ ಮುಲಾಜಿಲ್ಲದೆ ವಾಪಸ್.

"ಕ್ಯಾಪಿನ ಸಂದೀಲಿ ಕೊಳೆ ಕೂತ್ರೆ ಒಳಗೊಳಗೇ ಹಲ್ಲು ಹುಳುಕಾಗಿ ಹೋಗುತ್ತೆ ಡಾಕ್ಟ್ರೇ. ಅವರನ್ನ ಮತ್ತೆ ಕರೆಸಿ, ಮತ್ತೆ ಅರೀರಿ," ಎಂದು ಫೋನಿನಲ್ಲೇ ತಾಕೀತು ಮಾಡುವನು. ಆ ಬಡಪಾಯಿ ರೋಗಿ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಲ್ಲ ಎಂದು ಈ ಮಹಾಶಯನ ತಲೆಗೆ ಒಂದು ದಿನವೂ ಹೊಳೆದದ್ದಿಲ್ಲ. ಪ್ಲಾಸ್ಟರಿಗೆ ನೋವೆಲ್ಲಿಂದ ಬರಬೇಕು?

ಇಂಥವನ ದವಡೆಹಲ್ಲೇ ಸೀಳಿತು. ಬೇಗ ಕ್ಯಾಪು ಹಾಕಿಸದಿದ್ದರೆ ಕೀಳಿಸುವುದೇ ಗತಿ. ಅಷ್ಟೊಂದು ಹಲ್ಲು ಮಾಡಿದವನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒಮ್ಮೆಯೂ ಕೂತವನಲ್ಲ. ಯಾವ ಡಾಕ್ಟರ ಕೈ ಎಲ್ಲಿ ಜಾರುತ್ತದೆಂದು ಗೊತ್ತಿದ್ದದ್ದೇ ಅವನಿಗೆ ಮುಳುವಾಯಿತು. ಇವರು ಬೇಡ, ಅವರು ಬೇಡ ಎನ್ನುತ್ತ ಒಂದೇ ಕಡೆಯಲ್ಲಿ ಅಗಿಯುತ್ತ ದಿನ ತಳ್ಳಿದ.

"ಬೇರೆಯವರ ಬಾಯಿಗಾದ್ರೆ ಕಾನೂನು ಹೇಳ್ತೀರಿ. ನಿಮ್ಮ ಬಾಯಿ ಅಂದ್ರೆ ಕೈಕಾಲು ನಡುಗುತ್ತಾ?" ಎಂದಳು ಹೆಂಡತಿ.

"ಭಯ ಏನಿಲ್ಲ ಕಣೆ. ಪುರುಸೊತ್ತಿಲ್ಲ."

"ಪುರುಸೊತ್ತಿಲ್ದೋರು ಹೀಗೆ ಬೆವರಲ್ಲ."

ಕೊನೆಗೆ, ಅಚ್ಚುಗಳ ಅಂಚು ಯಾವಾಗಲೂ ಚೊಕ್ಕವಾಗಿರುತ್ತಿದ್ದ ಒಬ್ಬ ಡಾಕ್ಟರಮ್ಮನ ಬಳಿಗೆ ಹೋದ. ಸೂಜಿ ಒಸಡಿಗೆ ಇಳಿದಾಗ ಅವನಿಗೆ ಜೀವವೇ ಬಾಯಿಗೆ ಬಂತು. ಅರ್ಧ ಮುಖ ಮರಗಟ್ಟಿತು. ಡ್ರಿಲ್ ಕಿರ್ರೆಂದಿತು, ಸುಟ್ಟ ವಾಸನೆ ಬಂತು. ಈಗ ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಯೋಚನೆ ಬಂದದ್ದೇ ತಡ, ಬೆಚ್ಚಿ ತಲೆ ಕೊಡವಿದ. ಡ್ರಿಲ್ ಒಮ್ಮೆ ಬೇರೆ ರಾಗ ತೆಗೆದು ನಿಂತಿತು.

"ಅಲ್ಲಾಡ್ಬೇಡಿ ಅಂದಿದ್ನಲ್ಲ," ಎಂದರು ಡಾಕ್ಟರಮ್ಮ. ಅವರ ಹಣೆಯೂ ಬೆವೆತಿತ್ತು. "ಏನೂ ಆಗಿಲ್ಲ ಅನ್ಸುತ್ತೆ. ಹೇಗೂ ಅಚ್ಚು ನಿಮ್ಮ ಹತ್ರಾನೇ ಬರುತ್ತಲ್ಲ, ನೋಡಿ ಹೇಳಿ."

ಅಚ್ಚು ಬಂತು. ನೋಡಿದ. ಕೆನ್ನೆಯ ಕಡೆ ಅಂಚಿನಲ್ಲಿ ಸಣ್ಣ ಮೆಟ್ಟಿಲಿನಂಥ ಮುಕ್ಕು. ಬೇರೆ ಯಾರದ್ದೇ ಆಗಿದ್ದರೂ ಅರೆಗಳಿಗೆಯಲ್ಲಿ ವಾಪಸ್ ಹೋಗುತ್ತಿತ್ತು. ಫೋನ್ ಕೈಗೆತ್ತಿಕೊಂಡ. ಮತ್ತೆ ಅರೀರಿ ಎಂದು ಹೇಳಬೇಕಾದದ್ದು ತನ್ನ ಹಲ್ಲಿನ ಬಗ್ಗೆ. ಆ ಕಿರ್ರೆನ್ನುವ ಸದ್ದು ಕಿವಿಯಲ್ಲಿ ಎದ್ದಿತು. ಫೋನನ್ನು ಕೆಳಗಿಟ್ಟ. ಚೂರಿಯ ತುದಿಯಿಂದ ಪ್ಲಾಸ್ಟರಿನ ಮೆಟ್ಟಿಲನ್ನು ಹೆರೆದು ನಯ ಮಾಡಿದ. ಬಾಯೊಳಗಿನ ಹಲ್ಲು ಹೇಗಿತ್ತೋ ಹಾಗೇ ಇತ್ತು. ನಯವಾದದ್ದು ಅಚ್ಚು ಮಾತ್ರ. ಅದರ ಮೇಲೆ ಮಾಡಿದ ಕ್ಯಾಪು ಅಚ್ಚಿಗೆ ಹೇಳಿ ಮಾಡಿಸಿದಂತೆ ಕೂತಿತು.

ಮತ್ತೆ ಅದೇ ಕುರ್ಚಿ. ಡಾಕ್ಟರಮ್ಮ ಕ್ಯಾಪನ್ನು ಕೂರಿಸಿ ನೋಡಿದರು, ಸಣ್ಣ ಕಡ್ಡಿಯಿಂದ ಅಂಚು ಸವರಿದರು, ಹುಬ್ಬು ಗಂಟಿಕ್ಕಿದರು.

"ಇಲ್ಲೇನೋ ತಡೀತಾ ಇದೆ. ಅವತ್ತು ನೀವು ಅಲ್ಲಾಡಿದ್ರಲ್ಲ, ಅದೇ ನನ್ನ ಜೀವ ತಿಂತಾ ಇದೆ. ಅಚ್ಚಿನಲ್ಲಿ ಹೇಗಿತ್ತು?"

"ಚೆನ್ನಾಗಿತ್ತು."

"ನಿಜವಾಗ್ಲೂ? ಬೇಕಾದ್ರೆ ಇನ್ನೊಂದ್ಸಲ ಅರೆದು ಅಚ್ಚು ತೆಗೀತೀನಿ. ಒಂದು ಇಂಜೆಕ್ಷನ್, ಅಷ್ಟೇ."

"ಬೇಡ ಡಾಕ್ಟ್ರೇ. ಗೆರೆ ಎಳೆದ ಹಾಗಿತ್ತು."

ಡಾಕ್ಟರಮ್ಮನ ಮುಖ ಅರಳಿತು. "ಇಷ್ಟು ವರ್ಷದಲ್ಲಿ ನಿಮ್ಮ ಬಾಯಲ್ಲಿ ಈ ಮಾತು ಕೇಳಿರ್ಲಿಲ್ಲ. ನೀವೇ ಚೆನ್ನಾಗಿದೆ ಅಂದ್ಮೇಲೆ ನಾನ್ಯಾಕೆ ಅನುಮಾನ ಪಡ್ಲಿ," ಎಂದು ಕ್ಯಾಪು ಅಂಟಿಸುವ ಸಿಮೆಂಟು ಕಲಸತೊಡಗಿದರು.

ಇನ್ನೂ ಕಾಲ ಮಿಂಚಿರಲಿಲ್ಲ. ತಡೀರಿ ಎಂದರೆ ಸಾಕಿತ್ತು. ಆ ಸಂದಿಯಲ್ಲಿ ಏನು ಸೇರುತ್ತದೆ, ಒಳಗೆ ಏನಾಗುತ್ತದೆ, ಎಲ್ಲ ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು.

"ಎಲ್ಲಿ, ಆ ಅನ್ನಿ," ಎಂದರು ಡಾಕ್ಟರಮ್ಮ.

ಅವನು ಆ ಎಂದ.